ಕಿವಿ ಮಷಿನ್ ಅಂಗಡಿಯ ತಡವಾದ ಫೋನುಗಳು

ಕಿವಿ ಸರಿಯಾಗಿ ಕೇಳದವರಿಗೆ ಫೋನ್ ಮಾಡಿ ಮಾತಾಡುವುದೇ ನನ್ನ ನೌಕರಿ. ಹೀಗಾಗಿ ಇಂಥ ಪ್ರಸಂಗಗಳು ವಾರಕ್ಕೊಂದಾದರೂ ಆಗುತ್ತಲೇ ಇರುತ್ತವೆ. ಆಮೇಲೆ ಮನೆಯಲ್ಲಿ ಹೇಳಿದರೆ ಎಲ್ಲರೂ ನಗುತ್ತಾರೆ. ಆಗುವ ಹೊತ್ತಿನಲ್ಲಿ ಮಾತ್ರ ನನಗೆ ಅಷ್ಟೇನೂ ನಗು ಬಂದಿರುವುದಿಲ್ಲ.

ರಾಯಚೂರಿನಲ್ಲಿ ನಮ್ಮದು ಕಿವಿಗೆ ಹಾಕಿಕೊಳ್ಳುವ ಮಷಿನ್ ಮಾರುವ ಅಂಗಡಿ. ಇರುವವರು ಇಬ್ಬರೇ, ಮಾಲಕರು ಮತ್ತು ನಾನು. ಎರಡು ವರ್ಷದ ಹಿಂದೆ ಮಾನ್ವಿಯಲ್ಲೊಂದು ದಿನ, ದೇವದುರ್ಗದಲ್ಲೊಂದು ದಿನ ಪುಕ್ಕಟೆ ಕಿವಿ ತಪಾಸಣೆ ಇಟ್ಟುಕೊಂಡಿದ್ದೆವು. ಬಂದವರ ಹೆಸರು, ಊರು, ಫೋನ್ ನಂಬರ್ ಬರೆದುಕೊಂಡು, ಒಂದು ವಾರದಲ್ಲಿ ಫೋನ್ ಮಾಡುತ್ತೇವೆ ಎಂದು ಹೇಳಿ ಕಳಿಸಿದ್ದೆವು. ಅಷ್ಟರಲ್ಲಿ ಅಂಗಡಿ ಬದಲಾಯಿಸುವ ಗಡಿಬಿಡಿ ಬಂತು. ಆ ಹಾಳೆಗಳು ಯಾವುದೋ ರಟ್ಟಿನ ಡಬ್ಬದಲ್ಲಿ ಸೇರಿಹೋದವು. ಮೊನ್ನೆ ಸುಣ್ಣ ಹಚ್ಚಿಸುವಾಗ ಡಬ್ಬ ಸಿಕ್ಕಿತು. ಮಾಲಕರು ಹಾಳೆಗಳ ಮೇಲಿನ ಧೂಳು ಊದಿ ನನ್ನ ಮುಂದಿಟ್ಟರು.

"ಎಲ್ಲಾರಿಗೂ ಫೋನ್ ಹಚ್ಚವ್ವಾ," ಅಂದರು. "ತಡ ಆಗ್ಯದ ಅಂತ ನೀನಾಗಿ ಹೇಳಬ್ಯಾಡ."

ಹಳೇದೋ ಹೊಸದೋ

ಮೊದಲ ಹೆಸರು ಮಾನ್ವಿಯ ಒಬ್ಬ ರೈಸ್ ಮಿಲ್ ಮಾಲಕರದು. ಫೋನ್ ಎತ್ತಿದವರೂ ಅವರೇ. ಎರಡು ವರ್ಷದಲ್ಲಿ ಅವರ ಕಿವಿ ಇನ್ನಷ್ಟು ಮಂದವಾಗಿತ್ತು ಅನ್ನುವುದು ನನಗೆ ಹೊಳೆಯಬೇಕಿತ್ತು. ರಾಯಚೂರಿನಿಂದ ಮಾತಾಡುತ್ತಿದ್ದೇನೆ ಅಂದೆ. ರಾಯಚೂರಿಗೂ ಕಳಿಸಿಕೊಡುತ್ತೇವೆ ಅಂದರು. ದನಿ ಏರಿಸಿ, ನಿಮ್ಮ ಹೆಸರು ನಮ್ಮ ಹಳೇ ಹಾಳೆಯಲ್ಲಿ ಸಿಕ್ಕಿತು ಅಂದೆ. ಹಳೇದೇ ಒಳ್ಳೆಯದು, ಹೊಸದು ಮುದ್ದೆಯಾಗುತ್ತದೆ ಅಂದರು. ಆಮೇಲೆ ಅಂಗಡಿಯ ವಿಳಾಸ ಕೇಳಿದರು. ಬರುವ ಮನಸ್ಸು ಮಾಡಿದ್ದಾರೆ ಎಂದು ನಾನು ಹಿಗ್ಗಿ, ಎದುರಿನ ಚಹಾದ ಅಂಗಡಿಯ ಗುರುತಿನ ಸಮೇತ ಎರಡು ಸಲ ಹೇಳಿದೆ. ಅದೊಂದನ್ನು ಮಾತ್ರ ಅವರು ಒಂದಕ್ಷರ ತಪ್ಪದೆ ತಿರುಗಿ ಒಪ್ಪಿಸಿದರು.

ಮರುದಿನ ಮಧ್ಯಾಹ್ನ ಅಂಗಡಿ ಮುಂದೆ ಗೂಡ್ಸ್ ಆಟೋ ಬಂದು ನಿಂತಿತು. ಒಂದು ಚೀಲ ಹಳೇ ಅಕ್ಕಿ ಇಳಿಯಿತು.

ನಮ್ಮ ಮಾಲಕರು ಚೀಲವನ್ನೂ ನನ್ನನ್ನೂ ಒಂದೊಂದು ಸಲ ನೋಡಿದರು. ಮೊದಲ ಫೋನಿಗೇ ವ್ಯಾಪಾರವೇನೋ ಆಗಿತ್ತು, ಆದರೆ ಮಾಡಿದವರು ಮಿಲ್ಲಿನವರು. ಅಕ್ಕಿ ಮಾತ್ರ ಛಲೋ ಇತ್ತು.

ಮುಖ ನೋಡಿ ಮಾತು

ಮಾನ್ವಿಯಲ್ಲೇ ಅರಿವೆ ಅಂಗಡಿ ಇಟ್ಟಿರುವ ಒಬ್ಬರಿದ್ದರು. ಅವರ ಫೋನನ್ನು ಹೆಂಡತಿ ಎತ್ತಿದರು. ವಿಷಯ ಹೇಳಿದೆ. ಆಮೇಲೆ ಅವರು ಬಾಗಿಲು ಹಾಕಿಕೊಂಡ ಸಪ್ಪಳವಾಯಿತು.

ಮದುವೆಯಾದಾಗಿನಿಂದ ಆ ಮನುಷ್ಯ ತಮ್ಮ ಮಾತನ್ನು ಪೇಪರ್ ಓದುತ್ತಲೋ, ಬಟ್ಟೆ ಅಳೆಯುತ್ತಲೋ ಕೇಳಿದವರಂತೆ. ಹೂಂ ಅನ್ನುವುದು, ಅರ್ಧಕ್ಕೆ ಎದ್ದು ಹೋಗುವುದು. ಈಗ ಕಿವಿ ಮಂದವಾದ ಮೇಲೆ ಎದುರಿಗೆ ಬಂದು ಕೂಡುತ್ತಾರೆ. ತುಟಿ ನೋಡಬೇಕಲ್ಲ, ಅದಕ್ಕೆ ಮುಖದಿಂದ ಕಣ್ಣು ತೆಗೆಯುವುದಿಲ್ಲ. ತಿಳಿಯದಿದ್ದರೆ ಇನ್ನೊಮ್ಮೆ ಹೇಳು ಅನ್ನುತ್ತಾರೆ. "ಇನ್ನೊಮ್ಮಿ ಹೇಳು ಅಂತ ನನಗ ಯಾರೂ ಅಂದಿದ್ದಿಲ್ರೀ," ಅಂದರು.

ಆದರೂ ನೌಕರಿ ನೌಕರಿಯೇ. ಅಂಗಡಿಯಲ್ಲಿ ಗಿರಾಕಿಗಳ ಮಾತು ಕೇಳದೆ ಅವರಿಗೆ ತೊಂದರೆಯಾಗುವುದಿಲ್ಲವೇ ಎಂದು ಕೇಳಿದೆ. ಆಗುತ್ತದೆ, ಅದಕ್ಕೆ ಈಗ ನಾನೂ ಅಂಗಡಿಗೆ ಹೋಗಿ ಪಕ್ಕದಲ್ಲಿ ಕೂಡುತ್ತೇನೆ ಅಂದರು. ಹಾಗಂದಾಗ ಅವರ ದನಿಯಲ್ಲಿ ಎಂಥದೋ ಗತ್ತಿತ್ತು. ಹಾಗಾದರೆ ಹೆಸರು ಹೊಡೆದುಹಾಕಲೇ ಎಂದು ಕೇಳಿದೆ.

"ಹೊಡೀಬ್ಯಾಡ್ರಿ. ಎರಡು ವರ್ಷ ಬಿಟ್ಟು ಮತ್ತ ಫೋನ್ ಮಾಡ್ರಿ," ಅಂದರು. "ತಡ ಮಾಡೂದು ನಿಮಗೇನು ಹೊಸದಲ್ಲಲ್ಲ."

ಜಪಾನಿನದು

ಅರಕೇರಾದ ಹಿರಿಯರೊಬ್ಬರನ್ನು ನಾನು ಮರೆತಿರಲಿಲ್ಲ. ಕುರಿ ಸಾಕಿದವರು. ತಪಾಸಣೆಯ ದಿನ ದೇವದುರ್ಗಕ್ಕೆ ಬಂದು, ಮಷಿನ್ ಹಾಕಿಕೊಂಡರೆ ಹಿಂಡಿನ ಮುಂದಿನ ಟಗರಿನ ಗಂಟೆ ಕೇಳಿಸುತ್ತದೆಯೇ ಎಂದು ಕೇಳಿದ್ದರು. ಮಂದಿಯ ಮಾತಿನ ಬಗ್ಗೆ ಅವರಿಗೆ ಅಂಥ ಆಸೆಯೇನೂ ಇರಲಿಲ್ಲ. ಕೇಳಿಸುತ್ತದೆ ಅಂದಿದ್ದೆ.

ಫೋನ್ ಎತ್ತಿದವಳು ಮಗಳು. ಅಪ್ಪ ತೀರಿಕೊಂಡು ಏಳೆಂಟು ತಿಂಗಳಾಯಿತು ಅಂದಳು.

ತಪಾಸಣೆಯಿಂದ ಬಂದ ಮೇಲೆ, ಫೋನಿನ ದೀಪ ಮಿನುಗಿದಾಗಲೆಲ್ಲ ಅದನ್ನು ಮಗಳ ಕೈಗೆ ತಂದು ಕೊಟ್ಟು ಮುಖ ನೋಡುತ್ತಿದ್ದರಂತೆ. ಒಂದೆರಡು ತಿಂಗಳು ಅವಳು ಇಲ್ಲ ಅಂತ ಕೈಯಾಡಿಸಿದಳು. ಆಮೇಲೆ ಆ ಮುಖ ನೋಡಲಾಗದೆ, ಕಿವಿಯವರೇ ಫೋನ್ ಮಾಡಿದ್ದರು, ನಿನ್ನ ಮಷಿನ್ ಜಪಾನಿನಿಂದ ಬರಬೇಕಂತೆ, ಅದಕ್ಕೆ ತಡ ಅಂತ ಕಿವಿಗೆ ಬಾಯಿಟ್ಟು ಒದರಿ ತಿಳಿಸಿದಳು. ಅಲ್ಲಿಂದ ಅವರ ನಡಿಗೆಯೇ ಬೇರೆ. ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಜಪಾನಿನ ಸುದ್ದಿ ಹೇಳಿದರು. ಹಡಗು ಈಗ ಎಲ್ಲಿರಬಹುದು ಎಂದು ಊರವರೂ ದಿನಾ ಕೈಸನ್ನೆ ಮಾಡಿ ಕೇಳುತ್ತಿದ್ದರಂತೆ.

ಮಾಲಕರು ಬೇಡ ಅಂದಿದ್ದರೂ ನಾನು ನಿಜ ಹೇಳಿದೆ. ಮರೆತಿದ್ದೆವು, ಹಾಳೆ ಡಬ್ಬದಲ್ಲಿ ಬಿದ್ದಿತ್ತು, ನಮ್ಮದೇ ತಪ್ಪು ಅಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಬಿಡ್ರಿ ಅಕ್ಕಾರ," ಅಂದಳು. "ದಾರಿ ನೋಡ್ಕೋತ ಅಪ್ಪ ಖುಷಿಲೇ ಇದ್ದ. ಊರಾಗಿನವರು ಯಾರರ ಬಂದು ಕೇಳಿದ್ರ ಮಾತ್ರ, ಮಷಿನ್ ಜಪಾನಿನಿಂದ ಹೊಂಟಿತ್ತು ಅಂತನಽ ಹೇಳ್ರಿ."

ಹೂಂ ಅಂದೆ. ಆ ಮೇಲೆ ಯಾರಿಗೆ ಫೋನ್ ಮಾಡಿದರೂ, ತಡವಾಯಿತು, ತಪ್ಪಾಯಿತು ಎಂದೇ ಶುರು ಮಾಡಿದೆ. ಪಕ್ಕದಲ್ಲಿದ್ದ ಮಾಲಕರು ತಮಗೇ ಕಿವಿ ಕೇಳದವರಂತೆ ಕೂತಿದ್ದರು.

ದೇವದುರ್ಗದ ಯವ್ವ

ಕೊನೆಯದು ಒಬ್ಬ ಅಜ್ಜಿಯ ನಂಬರ್, ಅದು ಹತ್ತಲೇ ಇಲ್ಲ. ದೇವದುರ್ಗ, ಬಸ್ ಸ್ಟ್ಯಾಂಡ್ ಹಿಂದೆ, ಎರಡೂ ಕಿವಿ ಬಹಳ ಮಂದ ಅಂತ ಬರೆದಿತ್ತು. ಅರಕೇರಾದ ಮಾತು ಮನಸ್ಸಿನಲ್ಲಿ ಕೊರೆಯುತ್ತಿದ್ದುದರಿಂದ ನಾನೇ ಬಸ್ ಹತ್ತಿ ಹೋದೆ. ಇವರಿಗಾದರೂ ಎದುರು ನಿಂತು ತಪ್ಪಾಯಿತು ಅನ್ನಬೇಕು ಅನಿಸಿತ್ತು.

ಯವ್ವ ಕಟ್ಟೆಯ ಮೇಲೆ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದರು. ನಾನು ಪಕ್ಕದಲ್ಲಿ ಬಗ್ಗಿ, ಇದ್ದಷ್ಟು ದನಿ ತೆಗೆದು, ಯಾರು, ಎಲ್ಲಿಂದ ಬಂದೆ, ಯಾಕೆ ತಡವಾಯಿತು ಎಲ್ಲ ಒದರಿ ಹೇಳಿದೆ. ಯವ್ವನೂ ಅಷ್ಟೇ ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ, ಕುಂದ್ರು ಅಂದರು. ನೀರು ಬೇಕೇನು ಎಂದು ಹೆಬ್ಬೆರಳು ಬಾಯಿಗೆ ಹಿಡಿದು ತೋರಿಸಿದರು. ಕಿವಿ ಕೇಳದವರು ಹೀಗೇ ಮಾತಾಡುತ್ತಾರೆ ಎಂದು ನಾನು ಇನ್ನಷ್ಟು ಜೋರು ಮಾಡಿದೆ. ಯವ್ವನೂ ಜೋರು ಮಾಡಿದರು. ಜಗಳ ಹತ್ತಿದೆ ಅಂದುಕೊಂಡು ಓಣಿಯವರು ಹೊರಗೆ ಬಂದರು.

ಮಷಿನ್ ಹಾಕಿಕೊಂಡರೆ ಹೇಗಿರುತ್ತದೆ ಎಂದು ನಾನು ಸನ್ನೆ ಮಾಡಿ ತೋರಿಸುವಾಗ, ಯವ್ವ ಸೆರಗು ಸರಿಸಿ ಕಿವಿ ತೋರಿಸಿದರು. ಒಳಗೆ ಮಷಿನ್ ಕೂತಿತ್ತು. ವರ್ಷದ ಹಿಂದೆಯೇ ದೇವದುರ್ಗದ ಕನ್ನಡಕದ ಅಂಗಡಿಯಲ್ಲಿ ತೆಗೆದುಕೊಂಡದ್ದಂತೆ.

ನನ್ನ ದನಿ ತಾನಾಗಿ ಇಳಿಯಿತು. ಮತ್ತೆ ಇಷ್ಟು ಹೊತ್ತು ನೀವ್ಯಾಕೆ ಒದರಿದಿರಿ ಎಂದು ಕೇಳಿದೆ.

"ನಿನಗ ಕೇಳಸೂದಿಲ್ಲ ಅಂತ ತಿಳದಿನಿ ಯವ್ವಾ," ಅಂದರು. "ಮಷಿನ್ ಇಲ್ಲದಾಗ ನಾನೂ ಹಿಂಗಽ ಒದರ್ತಿದ್ನಿ. ಪಾಪ, ಇಷ್ಟು ಸಣ್ಣ ವಯಸ್ಸಿಗೆ ಅಂತ ಜೀವ ಚುರ್ ಅಂತು."

ನನಗೆ ಚೆನ್ನಾಗಿ ಕೇಳಿಸುತ್ತದೆ ಎಂದು ಆಣೆ ಮಾಡಿ ಹೇಳಿದೆ. ಯವ್ವ ನನ್ನ ತಲೆ ಸವರಿದರು. "ನಾನೂ ಮೊದಲು ಎಲ್ಲಾರಿಗೂ ಹಂಗಽ ಅಂತಿದ್ನಿ," ಅಂದರು. ಹೊರಡುವಾಗ ನನ್ನ ವಿಸಿಟಿಂಗ್ ಕಾರ್ಡ್ ಕೇಳಿ ಪಡೆದು ಸೊಂಟದ ಚೀಲಕ್ಕೆ ಸೇರಿಸಿದರು.

ಮರುದಿನ ಅಂಗಡಿ ಬಾಗಿಲು ತೆರೆಯುತ್ತಿದ್ದಂತೆ ನನ್ನ ಮೊಬೈಲಿಗೆ ಫೋನ್ ಬಂತು. ದೇವದುರ್ಗದ ಆ ಕನ್ನಡಕದ ಅಂಗಡಿಯವರು. ಯವ್ವ ಕಾರ್ಡ್ ಕೊಟ್ಟು ಹೋಗಿದ್ದಾರೆ, ಕಿವಿಯ ಬಗ್ಗೆ ನಾಚಿಕೆ ಪಡಬೇಡಿ, ಬೇಕಾದರೆ ನಾವೇ ರಾಯಚೂರಿಗೆ ಬಂದು ತಪಾಸಣೆ ಮಾಡುತ್ತೇವೆ ಎಂದು ನಿಧಾನವಾಗಿ, ಗಟ್ಟಿಯಾಗಿ ಹೇಳಿದರು. ನನಗೆ ಕೇಳಿಸುತ್ತದೆ ಅಂದೆ. ಅವರು ಇನ್ನೂ ಗಟ್ಟಿಯಾಗಿ, ಹತ್ತಿರ ಯಾರಾದರೂ ಕಿವಿ ಕೇಳುವವರಿದ್ದರೆ ಫೋನ್ ಅವರಿಗೆ ಕೊಡಿ ಅಂದರು.

ಮಾಲಕರ ಕೈಗೆ ಕೊಟ್ಟೆ. ಅವರು ಪೂರ್ತಿ ಕೇಳಿ, ಹೂಂ ಹೂಂ ಅಂದು, ಫೋನ್ ಇಟ್ಟು, ನನ್ನ ಕಡೆ ತಿರುಗಿದರು.

"ದೇವದುರ್ಗಕ್ಕ ಯಾವಾಗ ಹೋಗಿದ್ದಿ?"

"ನಿನ್ನೆರೀ."

"ನೋಡು," ಅಂದರು ಮಾಲಕರು. "ಒಂದಽ ದಿನದಾಗ ಫೋನ್ ಮಾಡ್ಯಾರ."