ಅಕ್ಕನ ಪಾಸ್‌ಬುಕ್ಕು ಮತ್ತು ಹಾಳೆಯ ಬಾಡಿಗೆ

ಸಿಟ್ಟು ಮಾಡಿಕೊಳ್ಳುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಆದರೆ ಯಾರ ಮೇಲೆ ಸಿಟ್ಟೋ ಅವರು ಆ ಹೊತ್ತಿಗೆ ಎದುರಿಗೆ ಇರಬಾರದು, ಅಷ್ಟೇ. ಕಂಡಕ್ಟರು ಚಿಲ್ಲರೆ ಕೊಡದೆ ಹೋದರೆ ಬಸ್ಸಿನಿಂದ ಸುಮ್ಮನೆ ಇಳಿದು, ಮನೆಗೆ ಬಂದು, ಹೆಂಡತಿಯ ಮುಂದೆ ಗುಡುಗುತ್ತೇನೆ. ಹೆಡ್‌ಮಾಸ್ತರರ ಮೇಲಿನ ಸಿಟ್ಟನ್ನು ಒಂಬತ್ತನೆಯ ತರಗತಿಯ ‘ಬ’ ವಿಭಾಗಕ್ಕೆ ಹಂಚುತ್ತೇನೆ. ಇಂಥ ನಾನು ಒಂದು ಬ್ಯಾಂಕನ್ನು ಬೆಳಗಾವಿಯ ಗ್ರಾಹಕರ ಕೋರ್ಟಿನವರೆಗೆ ಎಳೆದುಕೊಂಡು ಹೋದೆ ಎಂದರೆ ಅಥಣಿಯಲ್ಲಿ ನನ್ನನ್ನು ಬಲ್ಲವರು ಈಗಲೂ ನಂಬುವುದಿಲ್ಲ. ಅವರು ನಂಬದೇ ಇರುವುದು ಸರಿಯಾಗಿಯೇ ಇದೆ. ಎಳೆದವಳು ನನ್ನ ಅಕ್ಕ. ನಾನು ಅರ್ಜಿ ಬರೆದೆ, ಚೀಲ ಹಿಡಿದುಕೊಂಡೆ.

ಅಕ್ಕನ ಹೆಸರು ಚಂಪವ್ವ, ಊರು ಸತ್ತಿ. ಭಾವ ತೀರಿಕೊಂಡ ಮೇಲೆ ಅವಳು ಯಾರ ಮನೆಯ ಬಾಗಿಲಿಗೂ ಹೋಗಲಿಲ್ಲ, ನನ್ನ ಮನೆಗೂ ಬರಲಿಲ್ಲ. ಒಣಮೆಣಸಿನಕಾಯಿ ಹುರಿದು, ಕೊಬ್ಬರಿ, ಬಳ್ಳೊಳ್ಳಿ, ಮಸಾಲೆ ಹಾಕಿ, ಒಳಕಲ್ಲಿನಲ್ಲಿ ಕುಟ್ಟಿ ಖಾರಪುಡಿ ಮಾಡಿ ಅಥಣಿಯ ವಾರದ ಸಂತೆಗೆ ತಂದು ಮಾರತೊಡಗಿದಳು. ಅವಳ ಖಾರ ತಿಂದವರು ಬೇರೆಯವರ ಖಾರ ಕೊಳ್ಳುತ್ತಿರಲಿಲ್ಲ. ಆದರೆ ವರ್ಷಗಟ್ಟಲೆ ಕುಟ್ಟಿ ಕುಟ್ಟಿ ಅವಳ ಬಲಗೈ ಭುಜದಿಂದ ಮೇಲೆ ಏಳದಂತಾಯಿತು. ಕರೆಂಟಿನ ಮೇಲೆ ನಡೆಯುವ ಖಾರ ಕುಟ್ಟುವ ಯಂತ್ರ ನಿಪ್ಪಾಣಿಯಲ್ಲಿ ಸಿಗುತ್ತದೆಂದು ಯಾರೋ ಹೇಳಿದ್ದರು. ಅಂದಿನಿಂದ ಅವಳು ಜೋಳದ ಡಬ್ಬಿಯ ತಳದಲ್ಲಿ ದುಡ್ಡು ಕೂಡಿಸತೊಡಗಿದಳು. ಅದನ್ನು ಕಂಡ ನಾನು ಸುಮ್ಮನಿದ್ದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಮಾಸ್ತರನಾದವನು ಸುಮ್ಮನಿರುವುದು ಹೇಗೆ? ಬ್ಯಾಂಕಿನ ಮಹಿಮೆಯ ಬಗ್ಗೆ ಒಂದು ಪೂರ್ತಿ ಪಿರಿಯಡ್ಡು ಪಾಠ ಮಾಡಿದೆ. ಕಳ್ಳರ ಭಯವಿಲ್ಲ, ಇಲಿಯ ಭಯವಿಲ್ಲ, ಮಲಗಿ ಎದ್ದರೆ ಬಡ್ಡಿ. ಅಕ್ಕ ಅರ್ಧ ನಂಬಿ, ಇನ್ನರ್ಧ ತಮ್ಮನ ಮೇಲಿನ ಪ್ರೀತಿಯಿಂದ ನನ್ನ ಹಿಂದೆ ಬ್ಯಾಂಕಿಗೆ ಬಂದಳು. ಫಾರ್ಮನ್ನು ನಾನೇ ತುಂಬಿದೆ, ಓದು ಬಾರದ ಅವಳು ಕಲಿತಿದ್ದ ಸಹಿಯನ್ನಷ್ಟೇ ಮಾಡಿದಳು.

ಎರಡು ವರ್ಷ ಪ್ರತಿ ಸಂತೆಯ ದಿನ ಸಂಜೆ ಬಸ್ಸಿಗೆ ಮುಂಚೆ ಬ್ಯಾಂಕಿಗೆ ಹೋಗಿ ಹತ್ತೋ ಇಪ್ಪತ್ತೋ ಮೂವತ್ತೋ ಕಟ್ಟಿದಳು. ಯಂತ್ರಕ್ಕೆ ಸಾಕಾಗುವಷ್ಟು ಆಗಿದೆ ಎಂದು ಬೆರಳು ಮಡಿಚಿ ಲೆಕ್ಕ ಹಾಕಿಕೊಂಡು ಒಂದು ದಿನ ದುಡ್ಡು ತೆಗೆಯಲು ಹೋದಳು. ಅಲ್ಲಿಂದ ನೇರವಾಗಿ ನಮ್ಮ ಶಾಲೆಗೆ ಬಂದು, ನಾನು ಪಾಠ ಮಾಡುತ್ತಿದ್ದ ಕೋಣೆಯ ಬಾಗಿಲಲ್ಲಿ ನಿಂತಳು.

“ಏ ತಮ್ಮಾ, ಹೊರಗ ಬಾ ಸ್ವಲ್ಪ. ಮುನ್ನೂರಾ ಹನ್ನೆರಡ ರೂಪಾಯಿ ಕಡಿಮಿ ಐತಿ. ಬಡ್ಡಿ ಬರತೈತಿ ಅಂದಿದ್ದ್ಯಲ್ಲೊ, ಯಾರಿಗೆ ಬರಾಕತ್ತೈತಿ ಅದು?”

ಪಾಸ್‌ಬುಕ್ಕು ನೋಡಿದೆ. ಮೂರು ತಿಂಗಳಿಗೊಮ್ಮೆ ಕೆಂಪು ಶಾಯಿಯಲ್ಲಿ ಒಂದು ಸಾಲು: ‘ಫೋಲಿಯೋ ಚಾರ್ಜು’. ಶಾಲೆ ಬಿಟ್ಟ ಮೇಲೆ ಇಬ್ಬರೂ ಬ್ಯಾಂಕಿಗೆ ಹೋಗಿ ಲೆಡ್ಜರು ತೆಗೆಸಿ ಕೇಳಿದಾಗ ಅದರ ಅರ್ಥ ತಿಳಿಯಿತು. ಲೆಡ್ಜರಿನಲ್ಲಿ ಅಕ್ಕನ ಖಾತೆ ಎಷ್ಟು ಹಾಳೆ ಹಿಡಿಯುತ್ತದೋ ಅಷ್ಟು ಹಾಳೆಗೆ ಬಾಡಿಗೆ. ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಜೇಬುಗಳ್ಳನ ಬಗ್ಗೆ ನನಗೆ ಒಂದಿಷ್ಟು ಗೌರವ ಇದೆ. ಅವನಿಗೆ ಬೆರಳಿನ ಚಳಕ ಬೇಕು, ಓಡುವ ಕಾಲು ಬೇಕು, ಸಿಕ್ಕಿಬಿದ್ದರೆ ಪೆಟ್ಟು ತಿನ್ನುವ ಬೆನ್ನು ಬೇಕು. ಈ ಬ್ಯಾಂಕಿನ ಮಹಾಶಯರಿಗೆ ಒಂದು ಕೆಂಪು ಪೆನ್ನು, ತಲೆಯ ಮೇಲೊಂದು ಫ್ಯಾನು ಇದ್ದರೆ ಸಾಕು. ಅದರಲ್ಲೂ ಲೆಡ್ಜರ್ ಬರೆಯುವ ಕ್ಲಾರ್ಕಿನ ಅಕ್ಷರಗಳನ್ನು ನೀವು ನೋಡಬೇಕಿತ್ತು. ಒಂದೊಂದು ಅಕ್ಷರವೂ ಉಂಡು ಮಲಗಿದ ಎಮ್ಮೆಯ ಹಾಗೆ ಕಾಲು ಚಾಚಿಕೊಂಡಿತ್ತು. ಇಪ್ಪತ್ತು ರೂಪಾಯಿ ಜಮಾ ಎಂದು ಬರೆಯಲು ಆತನಿಗೆ ಎರಡು ಸಾಲು ಬೇಕು, ಮೇಲೆ ಗಾಳಿಗೆ ಒಂದು ಸಾಲು ಖಾಲಿ. ಒಂದು ಹಾಳೆಯಲ್ಲಿ ಮುಗಿಯಬೇಕಾದ ಅಕ್ಕನ ಬದುಕು ಅವನ ಕೈಯಲ್ಲಿ ಪುರಾಣದಷ್ಟು ಬೆಳೆದಿತ್ತು, ಅದರ ಖರ್ಚು ಅಕ್ಕನ ಮೇಲೆ.

ಮ್ಯಾನೇಜರು ದೊಡ್ಡ ಮೇಜಿನ ಹಿಂದೆ ಕೂತಿದ್ದ ಸಣ್ಣ ಮನುಷ್ಯ. ಕೊಲ್ಹಾಪುರದ ಕಡೆಯವರು, ಮಾತಿನಲ್ಲಿ ಮರಾಠಿ ಬೆರೆಯುತ್ತಿತ್ತು. ನಮ್ಮನ್ನು ಕೂಡಿಸಿ, ಚಹಾ ತರಿಸಿ, ನಕ್ಕರು. “ಕಾಯ್ ಮಾಸ್ತರ್, ಇಷ್ಟ ಸಣ್ಣ ರೊಕ್ಕಕ್ಕ ಯಾಕ ತಲಿ ಕೆಡಿಸ್ಕೊಂತೀರಿ? ಮೇಲಿನವರ ರೂಲ್ ಐತ್ರಿ. ನನ್ನ ಕೈಯಾಗ ಏನೂ ಇಲ್ಲ.”

ಅಕ್ಕ ಚಹಾದ ಬಟ್ಟಲನ್ನು ಮುಟ್ಟಲಿಲ್ಲ. “ಸಾಹೇಬ್ರ, ಜ್ವಾಳದ ಡಬ್ಬ್ಯಾಗ ಇಟ್ಟಾಗ ಇಲಿ ಸೈತ ಇದನ್ನ ಮುಟ್ಟಿರಲಿಲ್ರಿ. ಸಣ್ಣ ರೊಕ್ಕ ಅಂದ್ರ ತಿರುಗಿ ಕೊಟ್ಟಬಿಡ್ರಿ, ನಿಮಗೇನು ಭಾರ ಆಗತೈತಿ?” ಎಂದಳು.

ಮ್ಯಾನೇಜರು ಮತ್ತೆ ನಕ್ಕರು. ಆ ನಗೆ ನೋಡಿ ನನ್ನ ರಕ್ತ ಕುದಿಯಿತು. ಆದ್ದರಿಂದ ನಾನು ಅವರ ಚಹಾ ಕುಡಿದು, “ನೋಡೂಣ್ರಿ” ಎಂದು ಹೇಳಿ, ಹೊರಗೆ ಬಂದು, ಮನೆಯವರೆಗೂ ಅವರನ್ನು ಬೈಯುತ್ತ ನಡೆದೆ.

ಅಕ್ಕ ಬೈಯಲಿಲ್ಲ. “ನೀ ಬರಿಯಾಕ ಕಲತಾಂವ ಅದಿ. ಬರಿ,” ಎಂದಳು. ಬರೆದೆ. ಮೊದಲು ಮ್ಯಾನೇಜರಿಗೆ, ಆಮೇಲೆ ಅವರ ಮೇಲಿನವರಿಗೆ, ಆಮೇಲೆ ಮೇಲಿನವರ ಮೇಲಿನವರಿಗೆ. ಮೊದಲನೆಯ ಪತ್ರಕ್ಕೆ ಉತ್ತರವೇ ಇಲ್ಲ. ಎರಡನೆಯದಕ್ಕೆ ‘ನಿಮ್ಮ ವಿಷಯ ನಮ್ಮ ಗಮನದಲ್ಲಿದೆ’ ಎಂದು ಅಚ್ಚು ಹಾಕಿಸಿದ ಕಾರ್ಡು ಬಂತು. ಅಚ್ಚು ಹಾಕಿಸಿ ಇಟ್ಟುಕೊಂಡಿದ್ದಾರೆಂದರೆ ಎಷ್ಟು ಜನರ ವಿಷಯ ಆ ಗಮನದಲ್ಲಿ ಬಿದ್ದು ಕೊಳೆಯುತ್ತಿರಬೇಕು! ಮೂರನೆಯ ಪತ್ರಕ್ಕೆ ಬಂದ ಉತ್ತರದಲ್ಲಿ, ಸಂಬಂಧಪಟ್ಟ ಶಾಖೆಯನ್ನು ವಿಚಾರಿಸಲಾಗಿ ಅದು ತನ್ನದೇನೂ ತಪ್ಪಿಲ್ಲವೆಂದು ತಿಳಿಸಿದೆ ಎಂದಿತ್ತು. ಹುಡುಗರ ಉತ್ತರಪತ್ರಿಕೆಗಳನ್ನು ಅವರ ಕೈಯಲ್ಲೇ ತಿದ್ದಿಸಿದರೆ ನನ್ನ ಶಾಲೆಯ ಫಲಿತಾಂಶವೂ ಹೀಗೇ ಬರುತ್ತಿತ್ತು.

ಆ ದಿನಗಳಲ್ಲಿ ಗ್ರಾಹಕರ ಕೋರ್ಟು ಎಂಬುದು ಹೊಸದು. ವಕೀಲರು ಬೇಡ, ಬಿಳಿ ಹಾಳೆಯ ಮೇಲೆ ದೂರು ಬರೆದುಕೊಟ್ಟರೆ ಸಾಕು ಎಂದು ಪೇಪರಿನಲ್ಲಿ ಓದಿದ್ದೆ. ಓದಿದ್ದನ್ನು ಅಕ್ಕನ ಮುಂದೆ ಬಾಯಿತಪ್ಪಿ ಹೇಳಿಬಿಟ್ಟೆ. “ಹಂಗಾರ ಬೆಳಗಾವಿಗೆ ಹೋಗೂಣು,” ಎಂದಳು ಅವಳು, ಸಂತೆಗೆ ಹೋಗೋಣ ಎಂದಷ್ಟು ಸಲೀಸಾಗಿ. ಬಸ್ಸಿನ ಖರ್ಚು, ನನ್ನ ರಜೆ, ಬ್ಯಾಂಕಿನವರ ವಕೀಲರು ಎಂದೆಲ್ಲ ಹೆದರಿಸಿ ನೋಡಿದೆ. ಅವಳು ಕೇಳಿಸಿಕೊಂಡು, “ಅದು ನನ್ನ ಭುಜದ ರೊಕ್ಕ ಐತಿ,” ಎಂದಳು. ನಾನು ಬಿಳಿ ಹಾಳೆ ತೆಗೆದೆ. ದೂರು ಕೊಟ್ಟೆವು. ಎರಡು ಸಲ ಚಿಕ್ಕೋಡಿಯ ಮೇಲೆ ಹಾಯ್ದು ಹೋಗಿಬಂದೆವು. ಪ್ರತಿಸಲವೂ ಅಕ್ಕ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು, ನಾನು ಭಯ ಕಟ್ಟಿಕೊಂಡು ಬರುತ್ತಿದ್ದೆ.

ಮೂರನೆಯ ಸಲ ಹೋದಾಗ ವಿಚಾರಣೆ. ಮೂವರು ಕೂತಿದ್ದರು. ನಡುವೆ ವಯಸ್ಸಾದ ಜಡ್ಜ್ ಸಾಹೇಬರು, ಅವರ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು, ಇನ್ನೊಂದು ಪಕ್ಕದಲ್ಲಿ ಒಬ್ಬ ಗೃಹಸ್ಥರು. ಮ್ಯಾನೇಜರು ಕಪ್ಪು ಕೋಟಿನ ವಕೀಲರೊಂದಿಗೆ ಬಂದಿದ್ದರು. ಮುನ್ನೂರಾ ಹನ್ನೆರಡು ರೂಪಾಯಿ ಉಳಿಸಲು ಆ ಕೋಟಿಗೆ ಎಷ್ಟು ತೆತ್ತರೋ, ಅದಕ್ಕೆ ಯಾರ ಹಾಳೆಯಿಂದ ಬಾಡಿಗೆ ಕಿತ್ತರೋ, ದೇವರಿಗೆ ಗೊತ್ತು. ವಕೀಲರು ಎದ್ದು ನಿಂತು, ಈಕೆ ಬಡ ಹೆಣ್ಣುಮಗಳಲ್ಲ, ವ್ಯಾಪಾರಸ್ಥೆ, ಆದ್ದರಿಂದ ವ್ಯಾಪಾರಿಗಳಿಗೆ ಹಾಕುವ ಚಾರ್ಜನ್ನೇ ಹಾಕಲಾಗಿದೆ ಎಂದರು. ಅದಕ್ಕೆ ಸಾಕ್ಷಿಯಾಗಿ ಖಾತೆ ತೆರೆದ ಫಾರ್ಮನ್ನು ಮೇಲೆತ್ತಿ ಗಟ್ಟಿಯಾಗಿ ಓದಿದರು: “ಉದ್ಯೋಗ: ಮಸಾಲೆ ಪದಾರ್ಥಗಳ ಸಗಟು ಹಾಗೂ ಚಿಲ್ಲರೆ ವ್ಯಾಪಾರ.”

ಅಕ್ಷರಗಳು ದುಂಡಗಿದ್ದವು. ಅವು ನನ್ನವು. ‘ಖಾರಪುಡಿ ಮಾರುವುದು’ ಎಂದು ಬರೆಯಲು ಅಂದು ನನಗೆ ಹೇಗೋ ಆಗಿತ್ತು. ಕೌಂಟರಿನ ಆಚೆ ನಿಂತವನು ನನ್ನ ಹಳೆಯ ವಿದ್ಯಾರ್ಥಿಯ ಅಣ್ಣ. ಮಾಸ್ತರರ ಅಕ್ಕ ಸಂತೆಯಲ್ಲಿ ಕೂತು ಖಾರ ಮಾರುತ್ತಾಳೆಂದು ಅವನಿಗೆ ನಾನೇ ಯಾಕೆ ಬರೆದುಕೊಡಲಿ? ಆ ಒಂದು ಸಾಲಿನಿಂದ ನಾನು ಅವಳನ್ನು ದೊಡ್ಡ ಸಾಹುಕಾರ್ತಿಯನ್ನಾಗಿ ಮಾಡಿದ್ದೆ. ಬ್ಯಾಂಕು ಅದನ್ನು ಮನಸಾರೆ ನಂಬಿತ್ತು. ನಾನು ಬಗ್ಗಿ ನನ್ನ ಚಪ್ಪಲಿಯ ಉಂಗುಟವನ್ನು ಪರೀಕ್ಷೆ ಮಾಡತೊಡಗಿದೆ.

ಜಡ್ಜ್ ಸಾಹೇಬರು ಅಕ್ಕನನ್ನು ಕೇಳಿದರು: “ನೀವು ಸಗಟು ವ್ಯಾಪಾರ ಮಾಡ್ತೀರೇನಮ್ಮಾ?”

“ಅದೇನ್ ಅಂತ ನನಗ ಗೊತ್ತಿಲ್ರಿ ಸಾಹೇಬ್ರ. ನಾ ಖಾರಪುಡಿ ಕುಟ್ಟತೀನಿ, ಸಂತ್ಯಾಗ ಕುಂತು ಮಾರತೀನಿ. ಖಾರ ತೂಗೂವಾಗ ಪುಡಿಕಿ ಕಟ್ಟು ಕಾಗದದ ತೂಕ ನಾ ಹಿಡಿಯಂಗಿಲ್ರಿ. ಇವ್ರು ನನ್ನ ರೊಕ್ಕ ಬರಕೊಂಡ ಕಾಗದಕ್ಕ ನನ್ನ ಕಡೆನ ರೊಕ್ಕ ಹಿಡದಾರ್ರಿ. ಹಂಗ ಹಿಡಿಯೂದಿದ್ರ ಇನ್ನಷ್ಟ ಸಣ್ಣ ಅಕ್ಷರದಾಗ ಬರಿಬೇಕಿತ್ತಲ್ರಿ?”

ಪಕ್ಕದ ಹೆಣ್ಣುಮಗಳು ಸೆರಗು ಬಾಯಿಗೆ ಅಡ್ಡ ಹಿಡಿದರು. ಜಡ್ಜ್ ಸಾಹೇಬರು ಪಾಸ್‌ಬುಕ್ಕು ತರಿಸಿ, ಅದರ ರಟ್ಟನ್ನು ವಕೀಲರ ಕಡೆ ತಿರುಗಿಸಿದರು. ಅದರ ಮೇಲೆ ‘ಉಳಿತಾಯ ಖಾತೆ’ ಎಂದು ಅಚ್ಚಾಗಿತ್ತು. ಉಳಿತಾಯದ ಪುಸ್ತಕ ಕೊಟ್ಟು, ಹೇಳದೆ ಕೇಳದೆ ವ್ಯಾಪಾರಿಯ ಚಾರ್ಜು ಹಾಕಲು ಯಾವ ನಿಯಮ ಇದೆ ತೋರಿಸಿ ಎಂದರು. ಮ್ಯಾನೇಜರು ಕಾಗದ ಹುಡುಕಿದರು, ವಕೀಲರು ಮ್ಯಾನೇಜರ ಮುಖ ಹುಡುಕಿದರು. ಕೆಲವು ದಿನಗಳ ಮೇಲೆ ಆದೇಶ ಬಂತು: ಹಿಡಿದ ದುಡ್ಡು ಬಡ್ಡಿಸಮೇತ ವಾಪಸು, ಮೇಲೆ ಓಡಾಟದ ಖರ್ಚು.

ಆದರೆ ನನ್ನ ವಿಚಾರಣೆ ಕೋರ್ಟಿನಲ್ಲಿ ಮುಗಿದಿರಲಿಲ್ಲ. ಆ ಮೂರನೆಯ ಸಲ ಬೆಳಗಾವಿಯಿಂದ ವಾಪಸು ಬರುವಾಗ, ಬಸ್ಸು ಹುಕ್ಕೇರಿ ದಾಟುತ್ತಿದ್ದಂತೆ ಅಕ್ಕ ನನ್ನ ಕಡೆ ತಿರುಗಿದಳು. ಕೇಳಿದಳು:

“ಆ ಫಾರ್ಮಿನ್ಯಾಗ ಹಂಗ್ಯಾಕ ಬರದಿ?”

“ನಿನ್ನ ಮರ್ಯಾದಿ ಇರಲಿ ಅಂತ, ಅಕ್ಕಾ.”

“ನನ್ನ ಮರ್ಯಾದಿ ಸಂತ್ಯಾಗ ಐತಿ. ಅಲ್ಲಿ ಮಂದಿ ನನ್ನ ಹುಡುಕ್ಕೊಂಡ ಬರತಾರ. ನಿನ್ನ ಮರ್ಯಾದಿಗೆ ಮುನ್ನೂರಾ ಹನ್ನೆರಡ ರೂಪಾಯಿ ನಾ ಕೊಟ್ಟಂಗಾತು, ಹೌದಿಲ್ಲೊ?”

ಅಷ್ಟು ಹೇಳಿ ರೊಟ್ಟಿಯ ಗಂಟು ಬಿಚ್ಚಿ, ಅರ್ಧ ರೊಟ್ಟಿಗೆ ಖಾರ ಎಣ್ಣೆ ಹಚ್ಚಿ ನನ್ನ ಕೈಗೆ ಕೊಟ್ಟಳು. ತಿಂದೆ. ಕಣ್ಣಲ್ಲಿ ನೀರು ಬಂತು. ಖಾರ ಎಂದು ಹೇಳಿ ಒರೆಸಿಕೊಂಡೆ.

ಬ್ಯಾಂಕು, ಮ್ಯಾನೇಜರು, ಆ ಕೆಂಪು ಶಾಯಿ, ಇವರನ್ನೆಲ್ಲ ಹೀಯಾಳಿಸಲು ನಾನು ಈಗಲೂ ಸಿದ್ಧ. ಕೇಳುವವರು ಸಿಕ್ಕರೆ ಒಂದು ತಾಸು ಬಿಡುವುದಿಲ್ಲ. ಫಾರ್ಮಿನ ವಿಷಯ ಬಂದಾಗ ಮಾತ್ರ ಕತೆಯನ್ನು ಸ್ವಲ್ಪ ಬೇಗ ಓಡಿಸುತ್ತೇನೆ. ಮರುವರ್ಷ ಅಕ್ಕ ನಿಪ್ಪಾಣಿಯಿಂದ ಯಂತ್ರ ತಂದಳು. ಅದಕ್ಕೆ ಕರೆಂಟು ಬೇಕು, ಕರೆಂಟಿಗೆ ಅರ್ಜಿ ಬೇಕು. ಫಾರ್ಮು ಹಿಡಿದುಕೊಂಡು ನನ್ನ ಮನೆಗೇ ಬಂದಳು. ಉದ್ಯೋಗ ಎಂಬ ಸಾಲಿಗೆ ಬಂದಾಗ ಪೆನ್ನು ನಿಂತಿತು. ಅಕ್ಕ ನನ್ನ ಬೆನ್ನ ಹಿಂದೆ ನಿಂತಿದ್ದಳು. ‘ಖಾರ ಕುಟ್ಟುವುದು, ಮಾರುವುದು’ ಎಂದು ದುಂಡಗೆ ಬರೆದು ಕೊಟ್ಟೆ. ಅವಳು ಮಡಿಚಿ ಚೀಲದಲ್ಲಿಟ್ಟುಕೊಂಡು ಹೋದಳು. ಅದನ್ನು ಆಫೀಸಿಗೆ ಕೊಡುವ ಮುಂಚೆ ಪಕ್ಕದ ಮನೆಯ ಅಂಗನವಾಡಿ ಟೀಚರಿಂದ ಎರಡು ಸಲ ಓದಿಸಿ ನೋಡಿದಳಂತೆ.