ಎಂಬತ್ತನಾಲ್ಕು ಕಿಲೋ ಮುನ್ನೂರು ಗ್ರಾಂ

ಬೆಳಗ್ಗೆ ಹತ್ತು ಗಂಟೆಗೆ ಹುಲ್ಲಿನ ತೊಟ್ಟಿಯ ತೂಕ ಇದ್ದಕ್ಕಿದ್ದಂತೆ ಎಂಬತ್ತನಾಲ್ಕು ಕಿಲೋ ಮುನ್ನೂರು ಗ್ರಾಂ ಏರಿತು. ಎರಡು ನಿಮಿಷ ಬಿಟ್ಟು ಅಷ್ಟೇ ಇಳಿಯಿತು. ಕಂಪ್ಯೂಟರಿನಲ್ಲಿ ಅದನ್ನು ಕಂಡ ಹುಲ್ಲುರಾಯನಿಗೆ ಪಿತ್ತ ನೆತ್ತಿಗೇರಿತು.

ಹುಲ್ಲುರಾಯ ಎಂಬುದು ಸಂಶೋಧನಾ ಸಂಸ್ಥೆಯವರು ಅವನಿಗಿಟ್ಟ ಅಡ್ಡಹೆಸರು. ಹುಲ್ಲುಗಾವಲು ಗಾಳಿಯಿಂದ ಎಷ್ಟು ಇಂಗಾಲ ಹೀರುತ್ತದೆ, ಗಾಳಿಗೆ ಎಷ್ಟು ನೀರು ಬಿಡುತ್ತದೆ ಎಂದು ಅಳೆಯುವುದು ಅವನ ಕೆಲಸ. ಇಂಗಾಲಕ್ಕೆ ಯಂತ್ರ ಹೊತ್ತ ಒಂದು ಕಂಬ, ನೀರಿಗೆ ಈ ತೊಟ್ಟಿ. ನೆಲದ ಮಟ್ಟಕ್ಕೆ ಹೂತ ತೊಟ್ಟಿಯಲ್ಲಿ ಮಣ್ಣು, ಮೇಲೆ ಹುಲ್ಲು, ಅಡಿಯಲ್ಲಿ ತಕ್ಕಡಿ, ಪಕ್ಕದಲ್ಲಿ ತೂಕದ ಏರಿಳಿತ ತೋರಿಸುವ ಪುಟ್ಟ ಪರದೆ. ನೀರು ಆರಿದಷ್ಟೂ ತೂಕ ಇಳಿಯುತ್ತದೆ. ವರ್ಷದ ಅಳತೆಗೆ ಇವತ್ತೇ ಕೊನೆಯ ದಿನ. ದಿನದಲ್ಲಿ ಮೂರು ಸಲ ಏರುಪೇರಾದರೆ ಹೇಗೋ ತೇಪೆ ಹಾಕಬಹುದು. ನಾಲ್ಕಾದರೆ ದಿನ ಹೋಯಿತು, ಅದರೊಂದಿಗೆ ವರ್ಷವೂ ಹೋಯಿತು. "ತುಳಿಯಬೇಡಿ" ಎಂದು ಹಲಗೆ ಬೇರೆ ನೆಟ್ಟಿದ್ದಾನೆ. ಓದು ಬರಹ ಬಲ್ಲ ಮಂದಿಗೆ ಅಷ್ಟೂ ತಿಳಿಯಬಾರದೇ!

ಸೀದಾ ಗ್ರಂಥಾಲಯಕ್ಕೆ ನುಗ್ಗಿದ. "ನಿಮ್ಮ ತೂಕ ಎಷ್ಟ್ರೀ?"

"ಏನ್ರೀ, ಮರ್ಯಾದೆ ಇದ್ಯಾ ನಿಮಗೆ?" ಎಂದು ಗ್ರಂಥಪಾಲಕಿ ಎದ್ದೇ ನಿಂತಳು.

ತೊಟ್ಟಿಯ ಹತ್ತಿರ ಸಿಕ್ಕ ಕಾವಲುಗಾರ ಅಷ್ಟು ಬಿಗುಮಾನದವನಲ್ಲ. "ನಾನಲ್ಲ ಸಾರ್, ನಾನು ಐವತ್ತೆರಡೇ. ಬೇಕಾದ್ರೆ ನೋಡಿ!" ಎಂದವನೇ, ಹುಲ್ಲುರಾಯ ಬಾಯಿ ತೆರೆಯುವಷ್ಟರಲ್ಲಿ ತೊಟ್ಟಿಯ ಮೇಲೆ ಹತ್ತಿ ನಿಂತ. "ನೋಡಿದ್ರಾ? ತೂಕ ಇಳಿಸೋ ಪಂದ್ಯ ಶುರುವಾದಾಗ್ಲಿಂದ ದಿನಕ್ಕೆ ಒಬ್ರೋ ಇಬ್ರೋ ಇಲ್ಲೇ ಬಂದು ನೋಡ್ಕೊಳ್ಳೋದು."

"ಇಳೀರಿ ಕೆಳಗೆ!" ಎಂದು ಹುಲ್ಲುರಾಯ ಗುಡುಗಿದ. ಎರಡಾಯಿತು.

ಆ ಪಂದ್ಯ ನಿರ್ದೇಶಕರ ಯೋಚನೆ. ಎಪ್ಪತ್ತಾರು ಕಿಲೋಗೆ ಇಳಿದೆನೆಂದು ತಾವೇ ಹೇಳಿ, ಹೋದ ವಾರ ಕಪ್ಪನ್ನೂ ತಾವೇ ತೆಗೆದುಕೊಂಡಿದ್ದರು. ಅವರ ಪಂದ್ಯಕ್ಕೆ ಬೆಂಕಿ ಬೀಳಲಿ ಎಂದು ಶಪಿಸುತ್ತ ಹುಲ್ಲುರಾಯ ಊಟ ಬಿಟ್ಟು ತೊಟ್ಟಿಯ ಪಕ್ಕದ ಶೆಡ್ಡಿನ ಹಿಂದೆ ಅಡಗಿ ಕುಳಿತ.

ಮಧ್ಯಾಹ್ನ ಕೊಡೆಯೊಂದು ಬಂತು. ಕೊಡೆಯ ಕೆಳಗಿನ ಕಾಲುಗಳು ಬೂಟು ಬಿಚ್ಚಿ, ಮೆಲ್ಲಗೆ ತೊಟ್ಟಿ ಏರಿದವು.

"ಸಿಕ್ಕಿಬಿದ್ಯಾ ಕಳ್ಳ! ಎಂಬತ್ತನಾಲ್ಕು ಕಿಲೋ ಮುನ್ನೂರು ಗ್ರಾಂ!" ಹುಲ್ಲುರಾಯನ ಅರಚಾಟಕ್ಕೆ ಕಚೇರಿಗೆ ಕಚೇರಿಯೇ ಓಡಿಬಂತು. ಕೊಡೆ ತಿರುಗಿತು. ನಿರ್ದೇಶಕರು!

ಗ್ರಂಥಪಾಲಕಿ ಪರದೆ ನೋಡಿದಳು. "ಎಪ್ಪತ್ತಾರು ಅಂದಿದ್ರಲ್ವಾ ಸಾರ್?"

ಮೂರೇ ಆಗಿದ್ದು, ವರ್ಷ ಉಳಿಯಿತು ಎಂದು ಹುಲ್ಲುರಾಯ ಉಸಿರುಬಿಟ್ಟ. ನಿರ್ದೇಶಕರು ನಿಧಾನವಾಗಿ ಕೆಳಗಿಳಿದು ಬೂಟು ಹಾಕಿಕೊಂಡರು.

"ಈ ತಕ್ಕಡಿ ಎಂಟು ಕಿಲೋ ಜಾಸ್ತಿ ತೋರಿಸ್ತಾ ಇದೆ. ಯಾವಾಗ ಕೆಟ್ಟಿತು?"

"ಕೆಟ್ಟಿಲ್ಲ ಸಾರ್! ಮೊದಲ ದಿನದಿಂದ ಹೀಗೇ ಇದೆ!"

"ಹಾಗಾದ್ರೆ ಮೊದಲ ದಿನದಿಂದ್ಲೇ ಕೆಟ್ಟಿದೆ. ವರ್ಷದ ಅಳತೆ ಎಲ್ಲಾ ರದ್ದು. ನಾಳೆಯಿಂದ ಹೊಸದಾಗಿ ಶುರು ಮಾಡಿ."

"ನೀವಾದ್ರೂ ಹೇಳ್ರೀ!" ಎಂದು ಹುಲ್ಲುರಾಯ ಗ್ರಂಥಪಾಲಕಿಯತ್ತ ತಿರುಗಿದ. ಅವಳು ಬೆರಳು ಮಡಚುತ್ತಿದ್ದಳು. "ಎಂಟು ಕಳೆದ್ರೆ... ಅಯ್ಯೋ, ನಾನು ಅರವತ್ತೇ! ಕೆಟ್ಟಿದೆ ಸಾರ್, ಖಂಡಿತ ಕೆಟ್ಟಿದೆ."

ಸಂಜೆಯ ಹೊತ್ತಿಗೆ "ತುಳಿಯಬೇಡಿ" ಹಲಗೆಯ ಕೆಳಗೆ "ಎಂಟು ಕಿಲೋ ಕಳೆದು ಓದಿರಿ" ಎಂಬ ಚೀಟಿ ಅಂಟಿತ್ತು, ತೊಟ್ಟಿಯ ಮುಂದೆ ಸಾಲು ಬೆಳೆದಿತ್ತು. ಹಲ್ಲು ಕಡಿಯುತ್ತ ನಿಂತ ಹುಲ್ಲುರಾಯನ ಪರ ಮಾತಾಡಿದವನು ಕಾವಲುಗಾರನೊಬ್ಬನೇ.

"ತಕ್ಕಡಿ ಸರಿಯಾಗೇ ಇದೆ ಸಾರ್. ಇವ್ರ ಮಾತು ಕೇಳಿದ್ರೆ ನಾನು ನಲವತ್ನಾಲ್ಕು ಕಿಲೋ ಆಗ್ಬಿಡ್ತೀನಿ! ತಡೀರಿ, ಇನ್ನೊಂದ್ಸಲ ನೋಡೇಬಿಡ್ತೀನಿ" ಎಂದು ಅವನೂ ಹೋಗಿ ಸಾಲಿನಲ್ಲಿ ನಿಂತ.