ಬೆನ್ನ ಮೇಲಿನ ಏಳು

ಎಂದೂ ಸೈಕಲ್ ಪಂದ್ಯಕ್ಕಿಳಿಯದವನು ಪಂದ್ಯದವರ ಬಟ್ಟೆ ತೊಡಬಹುದೇ? ತೊಟ್ಟರೇನು ತಪ್ಪು ಎಂದು ಆಗ ನಾನು ದೃಢವಾಗಿ ನಂಬಿದ್ದೆ.

ಯುದ್ಧದಿಂದಾಗಿ ಸೈಕಲ್ ಟೈರು ಸಿಗದೆ ಜನ ಒದ್ದಾಡುತ್ತಿದ್ದ ವರ್ಷ ಅದು. ಹೈದರಾಬಾದಿನಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬ ಪಂದ್ಯ ಬಿಟ್ಟು ಮದುವೆಯಾದ. ತನ್ನ ತಂಡದ ಬನಿಯನ್, ಚಡ್ಡಿ ಎರಡನ್ನೂ ನನಗೆ ದಾನ ಮಾಡಿದ. ಕೆಂಪು-ಹಸಿರು ಪಟ್ಟೆ, ಬೆನ್ನ ಮೇಲೆ ದೊಡ್ಡದಾಗಿ ೭. ಅದನ್ನು ತೊಟ್ಟರೆ ಗಾಳಿಯೇ ಪಕ್ಕಕ್ಕೆ ಸರಿಯುತ್ತದೆ ಎಂದು ನನಗನ್ನಿಸುತ್ತಿತ್ತು.

ಆ ದಿನ ಅದನ್ನೇ ತೊಟ್ಟು ಸೈಕಲ್ಲಿನಲ್ಲಿ ಕೊಪ್ಪಳದಿಂದ ಅಳವಂಡಿಗೆ ಹೊರಟಿದ್ದೆ. ತಂಗಿ ಶಾಂತಳ ಸಂಬಂಧದ ಮಾತುಕತೆ. ಎರಡು ಸಂಬಂಧ ಆಗಲೇ ತಪ್ಪಿದ್ದವು. ಅಪ್ಪನಿಲ್ಲದ ಮನೆಯ ಹಿರಿಯ ನಾನೇ.

"ಅಲ್ರಿ, ಬೀಗರ ಮನಿಗೆ ಹಿಂಗ ಹೊಂಟೀರೇನು?" ಎಂದಳು ಹೆಂಡತಿ.

"ಧೋತರ, ಕೋಟು ಚೀಲದಾಗ ಅದಾವ. ಊರ ಹೊರಗ ಬಾವಿ ಹತ್ರ ಉಟ್ಕೋತೀನಿ."

"ಯಾರರ ನೋಡಿದ್ರ?"

"ನೋಡ್ಲಿ ಬಿಡು!"

ನೋಡಿದರು.

ಬಾವಿ ತಲುಪುವಷ್ಟರಲ್ಲೇ ಒಬ್ಬ ಕೂಗಿದ: "ಸೈಕಲ್ಲಿನವ್ರು ಬಂದ್ರಲೇ!" ಹಿಂದಿನ ವರ್ಷ ಯಾರೋ ಒಬ್ಬ ಅಲ್ಲಿ ಮೂರು ದಿನ ಸೈಕಲ್ಲಿನಿಂದ ಇಳಿಯದೆ ಸುತ್ತಿ, ಅದರ ಮೇಲೆಯೇ ಉಂಡು, ಅದರ ಮೇಲೆಯೇ ಸ್ನಾನ ಮಾಡಿ ಹೋಗಿದ್ದನಂತೆ. ಅವನದೂ ಪಟ್ಟೆ ಬನಿಯನ್ನೇ.

"ಬೆನ್ನ ಮ್ಯಾಲ ನೋಡೋ, ಏಳಂತ ಬರದೈತಿ! ಇವ್ರು ಏಳು ದಿನದವ್ರು!"

ನಾನು ಒಂದು ಕಾಲನ್ನು ನೆಲಕ್ಕೆ ಚಾಚಿದೆ. "ಇಳಿಬ್ಯಾಡ್ರಿ, ಇಳಿಬ್ಯಾಡ್ರಿ!" ಎನ್ನುತ್ತ ನಾಲ್ಕಾರು ಕೈಗಳು ಸೀಟು ಹಿಡಿದು ನನ್ನನ್ನು ಬಯಲಿಗೆ ತಳ್ಳಿದವು.

ನಿಜ ಹೇಳಬಹುದಿತ್ತು. ಏಕೆ ಹೇಳಲಿಲ್ಲ? ಗದ್ದಲದಲ್ಲಿ ನನ್ನ ದನಿ ಯಾರಿಗೂ ಕೇಳಿಸಲಿಲ್ಲ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ನಂಬಬೇಡಿ. ಚಪ್ಪಾಳೆ ಹಿತವಾಗಿತ್ತು! ಎಷ್ಟು ಸುತ್ತು ಹೊಡೆದೆ? ದಿನಚರಿ ಆರು ಎನ್ನುತ್ತದೆ, ನೆನಪು ಇಪ್ಪತ್ತು ಎನ್ನುತ್ತದೆ. ಎರಡೂ ನನ್ನವೇ ಆದ್ದರಿಂದ ಎರಡರ ಮೇಲೂ ನನಗೆ ಅನುಮಾನ.

ಅಷ್ಟರಲ್ಲಿ ರುಮಾಲು ಸುತ್ತಿದ ಹಿರಿಯರೊಬ್ಬರು ಮಜ್ಜಿಗೆಯ ತಂಬಿಗೆ ಹಿಡಿದು ಎದುರು ಬಂದರು. "ಇಳಿಬ್ಯಾಡ್ರಿ, ಮ್ಯಾಲೇ ಕುಡೀರಿ!"

ಒಂದು ಕೈ ಬಿಟ್ಟೆ. ಸೈಕಲ್ ನೆಲದ ಮೇಲೆ, ನಾನು ಹಿರಿಯರ ಮೇಲೆ, ಮಜ್ಜಿಗೆ ಇಬ್ಬರ ಮೇಲೆ!

ಅವರು ರುಮಾಲು ಹಿಂಡುತ್ತ ಎದ್ದರು. "ಏಳು ದಿನ ಅಂತ ಬರಸ್ಕೊಂಡು ಏಳು ಸುತ್ತು ಸೈತ ಆಗ್ಲಿಲ್ಲಲ್ರಿ! ಯಾವೂರು?"

"ಕೊಪ್ಪಳ್ರಿ. ಬಸವಂತಪ್ಪನವರ ಮನಿಗೆ ಬಂದೀನಿ. ಹುಡುಗಿ ಅಣ್ಣ ನಾನು."

"ಬಸವಂತಪ್ಪ ನಾನ ಅದೀನಿ."

ಧೋತರ ಉಟ್ಟು, ಕೋಟು ತೊಟ್ಟು ಅವರ ಪಡಸಾಲೆಯಲ್ಲಿ ಕುಳಿತೆ. ಶಾಂತಳ ಮುಖ ಕಣ್ಣ ಮುಂದೆ ಬಂತು. ಮೊದಲ ಎರಡು ಸಂಬಂಧಗಳು ತಾವಾಗಿ ತಪ್ಪಿದ್ದವು; ಮೂರನೆಯದನ್ನು ನಾನೇ ಖುದ್ದಾಗಿ ಬಂದು ಕೆಡಿಸಿದ್ದೆ.

ಕೊನೆಗೆ ಬಸವಂತಪ್ಪನವರು ಕೇಳಿದರು: "ನಿಮ್ಮ ತಂಗಿ ನಿಮ್ಮಂಗ ಅದಾಳೇನ್ರಿ?"

"ಇಲ್ರಿ! ಆಕಿ ಭಾಳ ಶಾಣ್ಯಾಕಿ."

ಅವರು ಒಳಗೆ ತಿರುಗಿ ಕೂಗಿದರು: "ಸಕ್ಕರಿ ತರ್ರಿ. ಮಾತು ಮುಗೀತು."

ಮದುವೆಯಲ್ಲಿ ಬೀಗರು ಬಟ್ಟೆಯ ಉಡುಗೊರೆ ಕೊಟ್ಟು ಆಯೇರಿ ಮಾಡಿದರು. ನಮ್ಮ ಕಡೆಯ ಗಂಡಸರಿಗೆಲ್ಲ ಧೋತರ. ನನಗೆ ಮಾತ್ರ ದರ್ಜಿಯಿಂದ ಹೊಸದಾಗಿ ಹೊಲಿಸಿದ ಕೆಂಪು-ಹಸಿರು ಪಟ್ಟೆಯ ಬನಿಯನ್! ಬಿಡಿಸಿ ನೋಡಿದೆ. ಆ ದಿನ ಬಯಲಲ್ಲಿ ನಿಂತು ಸುತ್ತು ಎಣಿಸಿದವರೇ ಅದರ ಬೆನ್ನ ಮೇಲೆ ಬರೆಸಿದ್ದರು: ೩.

ತೊಟ್ಟು ನೋಡಿದೆ. ಅಳತೆ ಸರಿಯಾಗಿತ್ತು.